ಮಾಮು ಕಾಣದ ಯುದ್ಧ

1971ರ ಡಿಸೆಂಬರ್‌ನಲ್ಲಿ ನಮ್ಮ ನಾನಿಮಾ ಮನೆಯಲ್ಲಿ ಎರಡು ವಾರ ರೇಡಿಯೊ ಹಚ್ಚಲಿಲ್ಲವಂತೆ. ಊರಿನವರೆಲ್ಲ ಚಹಾದಂಗಡಿಯ ಮುಂದೆ, ದರ್ಜಿ ಅಂಗಡಿಯ ಮುಂದೆ ಗುಂಪುಗೂಡಿ ಯುದ್ಧದ ವಾರ್ತೆ ಕೇಳುತ್ತಿದ್ದ ದಿನಗಳವು. ನಾನಿಮಾ ಮಾತ್ರ ತಮ್ಮ ಮನೆಯ ರೇಡಿಯೊಗೆ ಹಳೆಯ ದುಪಟ್ಟಾ ಸುತ್ತಿ ಅಕ್ಕಿ ಪೆಟ್ಟಿಗೆಯ ಮೇಲೆ ಇಟ್ಟುಬಿಟ್ಟಿದ್ದರು. ಅದಕ್ಕೆ ಕಾರಣವಿತ್ತು. ಅವರ ಹಿರಿಯ ಮಗ, ನನ್ನ ಅಮ್ಮಿಯ ಅಣ್ಣ, ಐಎನ್‌ಎಸ್ ವಿಕ್ರಾಂತ್ ಹಡಗಿನಲ್ಲಿದ್ದರು. 1965ರ ಯುದ್ಧದಲ್ಲಿ ಇದೇ ವಿಕ್ರಾಂತ್ ಮುಳುಗಿತೆಂಬ ಸುದ್ದಿ ಗಡಿಯಾಚೆಯಿಂದ ಹಬ್ಬಿತ್ತು. ಅದು ಸುಳ್ಳು. ಆಗ ಹಡಗು ದುರಸ್ತಿಗೆಂದು ಡ್ರೈ ಡಾಕ್‌ನಲ್ಲಿ ನಿಂತಿತ್ತು. ಆದರೆ ಒಮ್ಮೆ ಹಾಗೆ ಹೇಳಿದ ಬಾಯಿ ಇನ್ನೊಮ್ಮೆ ಹೇಳಲಾರದೆ? “ಕೆಟ್ಟ ಸುದ್ದಿ ಬರುವುದಿದ್ದರೆ ಅಂಚೆಯವನು ತರುತ್ತಾನೆ. ಈ ಡಬ್ಬಿಯ ಮಾತು ನನಗೆ ಬೇಡ” ಎಂದಿದ್ದರಂತೆ ನಾನಿಮಾ.

ನಾನು ಹುಟ್ಟಿದ್ದು ಆ ಯುದ್ಧ ಮುಗಿದು ಹತ್ತು ವರ್ಷಕ್ಕೆ. ಹದಿನೈದು ವರ್ಷದ ಸೇವೆ ಮುಗಿಸಿ ಮಾಮು ಹೊನ್ನಾವರಕ್ಕೆ ಮರಳಿದ್ದೂ ಅದೇ ವರ್ಷ. ಬಂದವರು ಮೀನುಗಾರಿಕೆ ದೋಣಿಗಳ ಡೀಸೆಲ್ ಎಂಜಿನ್ ರಿಪೇರಿಗೆ ಒಂದು ಸಣ್ಣ ಶೆಡ್ ಹಾಕಿಕೊಂಡರು. ನಾನು ಉರ್ದು ಶಾಲೆಯ ನಾಲ್ಕನೇ ತರಗತಿಯಲ್ಲಿದ್ದಾಗ ಮನೆಯವರೊಬ್ಬರ ಬಗ್ಗೆ ಬರೆದುಕೊಂಡು ಬನ್ನಿ ಎಂದು ಉಸ್ತಾದರು ಹೇಳಿದ್ದರು. ನಮ್ಮ ಮಾಮು ಯುದ್ಧದಲ್ಲಿ ವಿಮಾನ ಹಾರಿಸಿ ಬಾಂಬು ಹಾಕಿದ್ದಾರೆ ಎಂದು ನಾನು ಒಂದೂವರೆ ಪುಟ ಬರೆದೆ. ವಿಮಾನದ ಹಡಗಿನಲ್ಲಿದ್ದವರು ಇನ್ನೇನು ಮಾಡುತ್ತಾರೆ? ಅದನ್ನು ಓದಿದ ಮಾಮು ಕೈಯ ಗ್ರೀಸ್ ಒರೆಸಿಕೊಳ್ಳುತ್ತ, “ಇದನ್ನು ಹೊಡೆದು ಹಾಕು. ನಾನು ವಿಮಾನ ಹಾರಿಸಲಿಲ್ಲ, ನೀರು ಕಾಯಿಸಿದೆ” ಎಂದರು. ನನಗೆ ತುಂಬ ಅವಮಾನವಾಯಿತು. ಯುದ್ಧಕ್ಕೆ ಹೋಗಿ ನೀರು ಕಾಯಿಸಿ ಬಂದವರ ಬಗ್ಗೆ ಏನೆಂದು ಬರೆಯುವುದು? ಆ ಪುಟವನ್ನು ಹರಿದು ನಾನಿಮಾ ಮೇಲೆ ಬರೆದುಕೊಂಡು ಹೋದೆ.

ಮಾಮು ಸ್ಟೋಕರ್ ಆಗಿದ್ದರು. ಕಲ್ಲಿದ್ದಲಿನ ಕಾಲದಲ್ಲಿ ಸಲಿಕೆ ಹಿಡಿದು ಬೆಂಕಿಗೆ ಮೇವು ಹಾಕುತ್ತಿದ್ದವನಿಗೆ ಇಟ್ಟ ಹೆಸರು ಅದು. ಇವರ ಕಾಲಕ್ಕೆ ಕಲ್ಲಿದ್ದಲು ಹೋಗಿ ಎಣ್ಣೆ ಬಂದಿತ್ತು, ಹೆಸರು ಮಾತ್ರ ಉಳಿದಿತ್ತು. ಲೋನಾವಳದ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿ, ಆಮೇಲೆ ವಿಕ್ರಾಂತ್‌ನ ಬಾಯ್ಲರ್ ಕೋಣೆ. ನೀರು ಕಾಯಿಸುವುದು ಎಂದರೇನೆಂದು ನನಗೆ ಅರ್ಥವಾಗಲು ಇನ್ನೂ ಹತ್ತು ಹದಿನೈದು ವರ್ಷ ಬೇಕಾಯಿತು.

ಆ ಹಡಗಿನ ಹುಟ್ಟೇ ಒಂದು ಕತೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ನಿಗೆ ವಿಮಾನವಾಹಕ ನೌಕೆಗಳು ತುರ್ತಾಗಿ ಬೇಕಾದವು. ದಪ್ಪ ಉಕ್ಕಿನ ಕವಚ ತೊಡಿಸಿ ದೊಡ್ಡ ಹಡಗು ಕಟ್ಟಲು ಸಮಯವಿರಲಿಲ್ಲ. ಹಾಗಾಗಿ ಹೊಸದೊಂದು ನಕ್ಷೆ ತಯಾರಾಯಿತು. ಒಡಲನ್ನು ಸರಕು ಹಡಗುಗಳ ಲೆಕ್ಕದಲ್ಲೇ ಕಟ್ಟುವುದು, ಯುದ್ಧನೌಕೆ ಕಟ್ಟಿ ಅಭ್ಯಾಸವಿಲ್ಲದ ಕಾರ್ಖಾನೆಗಳೂ ಕಟ್ಟಬಲ್ಲಂತೆ ಸರಳವಾಗಿಡುವುದು, ಕವಚ ಬೇಡ. ಇಂಥವು ಎಷ್ಟು ಕಾಲ ಬಾಳಬೇಕು? ಯುದ್ಧ ಮುಗಿಯುವವರೆಗೆ, ಇಲ್ಲವೇ ಮೂರು ವರ್ಷ. ಅಷ್ಟು ಸಾಕೆಂದುಕೊಂಡಿದ್ದರು. ಬಳಸಿ ಬಿಸಾಡುವ ಸಾಮಾನು ಎನ್ನುತ್ತೇವಲ್ಲ, ಹಾಗೆ.

ಈ ಸಾಲಿನ ಹದಿನಾರು ಹಡಗುಗಳಲ್ಲಿ ಕೊನೆಯ ಆರನ್ನು ಸ್ವಲ್ಪ ಬದಲಿಸಿ ಮೆಜೆಸ್ಟಿಕ್ ವರ್ಗವೆಂದು ಕರೆದರು. ಅವುಗಳಲ್ಲೊಂದು ಹರ್ಕ್ಯುಲಿಸ್. 1943ರ ಅಕ್ಟೋಬರ್‌ನಲ್ಲಿ ಟೈನ್ ನದಿಯ ದಡದ ವಿಕರ್ಸ್ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಲ್ಲಿ ಅದರ ಕೆಲಸ ಶುರುವಾಯಿತು. 1945ರ ಸೆಪ್ಟೆಂಬರ್ 22ರಂದು ನೀರಿಗಿಳಿಯುವಾಗ ಜಪಾನ್ ಶರಣಾಗಿ ಮೂರು ವಾರ ಕಳೆದಿತ್ತು. ಯಾವ ಯುದ್ಧಕ್ಕೆಂದು ಹುಟ್ಟಿತೋ ಆ ಯುದ್ಧವೇ ಮುಗಿದುಹೋಗಿತ್ತು. ಕೆಲಸ ನಿಂತಿತು. ಹತ್ತಕ್ಕೂ ಹೆಚ್ಚು ವರ್ಷ ಅದು ಅರೆಬರೆಯಾಗಿ ಬಿದ್ದಿತ್ತು. 1957ರಲ್ಲಿ ಭಾರತ ಅದನ್ನು ಕೊಂಡುಕೊಂಡಿತು.

ಅರ್ಧಕ್ಕೆ ನಿಂತದ್ದೇ ಒಳ್ಳೆಯದಾಯಿತು ಎಂದು ಮಾಮು ಹೇಳುತ್ತಿದ್ದರು. ಅಷ್ಟರಲ್ಲಿ ಜೆಟ್ ವಿಮಾನಗಳು ಬಂದಿದ್ದವು, ಅವುಗಳ ಭಾರ ಮತ್ತು ವೇಗಕ್ಕೆ ಹಳೆಯ ಡೆಕ್‌ಗಳು ಸಾಲುತ್ತಿರಲಿಲ್ಲ. ಬೆಲ್‌ಫಾಸ್ಟ್‌ನಲ್ಲಿ ಹಡಗನ್ನು ಪೂರ್ಣಗೊಳಿಸುವಾಗ ಹೊಸ ಸೌಕರ್ಯಗಳನ್ನೇ ಕೂರಿಸಿದರು. ಒಂದು, ಓರೆಯಾದ ಡೆಕ್. ಇಳಿಯುವ ವಿಮಾನ ತಂತಿಗೆ ಸಿಕ್ಕದೆ ಜಾರಿದರೆ ಮುಂದೆ ನಿಂತ ವಿಮಾನಗಳಿಗೆ ಡಿಕ್ಕಿ ಹೊಡೆಯದೆ ಬದಿಯಿಂದ ಮತ್ತೆ ಮೇಲೇರಲಿ ಎಂದು ಇಳಿಯುವ ದಾರಿಯನ್ನೇ ಎಡಕ್ಕೆ ತಿರುಗಿಸಿರುತ್ತಾರೆ. ಎರಡು, ಹಬೆಯ ಕೆಟಪಲ್ಟ್, ಅಂದರೆ ವಿಮಾನವನ್ನು ಕವಣೆಕಲ್ಲಿನಂತೆ ಎಸೆಯುವ ಯಂತ್ರ. 213 ಮೀಟರ್ ಉದ್ದದ ಹಡಗಿನ ಮೇಲೆ ಜೆಟ್ ವಿಮಾನಕ್ಕೆ ಓಡಿ ಹಾರುವಷ್ಟು ಜಾಗವೆಲ್ಲಿ? ಡೆಕ್‌ನ ಕೆಳಗಿನ ಕೊಳವೆಯಲ್ಲಿ ಒತ್ತಡದ ಹಬೆ ಪಿಸ್ಟನ್ನನ್ನು ನೂಕುತ್ತದೆ, ಅದು ವಿಮಾನವನ್ನು ಎಳೆದು ಕ್ಷಣದಲ್ಲಿ ಗಾಳಿಗೆ ಬಿಡುತ್ತದೆ. ಹಡಗೂ ಗಾಳಿಗೆ ಎದುರಾಗಿ ವೇಗದಿಂದ ಓಡುತ್ತಿರಬೇಕು. ಹಡಗಿನ ವೇಗ, ಎದುರು ಗಾಳಿ, ಕೆಟಪಲ್ಟಿನ ನೂಕು ಮೂರೂ ಸೇರಿದರೆ ಮಾತ್ರ ವಿಮಾನ ಮೇಲೇರುತ್ತದೆ.

1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತರು ಅದನ್ನು ಭಾರತದ ಸೇವೆಗೆ ಸೇರಿಸಿದರು. ಹರ್ಕ್ಯುಲಿಸ್ ವಿಕ್ರಾಂತ್ ಆಯಿತು. ಅದನ್ನು ಪೂರ್ಣಗೊಳಿಸಿದ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆಯೇ ಹಿಂದೆ ಟೈಟಾನಿಕ್ ಕಟ್ಟಿದ್ದು. ಈ ವಿಷಯವನ್ನು ಮಾಮು ನಾನಿಮಾಗೆ ಕೊನೆಯವರೆಗೂ ಹೇಳಲಿಲ್ಲ.

ಈಗ ಬಾಯ್ಲರ್ ವಿಷಯಕ್ಕೆ ಬರುತ್ತೇನೆ. ವಿಕ್ರಾಂತ್‌ನಲ್ಲಿ ನಾಲ್ಕು ಬಾಯ್ಲರ್‌ಗಳಿದ್ದವು. ಒಂದೊಂದರಲ್ಲೂ ಮೂರು ಉಕ್ಕಿನ ಉರುಳೆಗಳು: ಮೇಲೊಂದು ಹಬೆಯದು, ಕೆಳಗೆ ಎಡಕ್ಕೂ ಬಲಕ್ಕೂ ಒಂದೊಂದು ನೀರಿನದು. ಮೂರನ್ನೂ ಜೋಡಿಸುವ ಲೆಕ್ಕವಿಲ್ಲದಷ್ಟು ಸಣ್ಣ ಕೊಳವೆಗಳು, ನಡುವೆ ಬೆಂಕಿ. ಮೂರು ಕಲ್ಲಿನ ಒಲೆಯನ್ನು ತಲೆಕೆಳಗು ಮಾಡಿದಂತೆ ಎಂದು ಮಾಮು ವಿವರಿಸುತ್ತಿದ್ದರು. ಅಲ್ಲಿ ಹುಟ್ಟಿದ ಹಬೆಯೇ ಟರ್ಬೈನ್ ತಿರುಗಿಸಬೇಕು, ಅದೇ ಹಬೆ ಕೆಟಪಲ್ಟಿಗೂ ಹೋಗಬೇಕು. ವಿಕ್ರಾಂತ್‌ನ ಉಸಿರೇ ಅದು.

1970ರ ಜೂನ್‌ನಲ್ಲಿ ಆ ನೀರಿನ ಉರುಳೆಗಳಲ್ಲಿ ಬಿರುಕುಗಳು ಕಂಡವು. ಒಂದೆರಡಲ್ಲ, ಅನೇಕ. ಬೆಸುಗೆ ಹಾಕಿ ಮುಚ್ಚುವಂಥವಲ್ಲ. ಹೊಸ ಉರುಳೆಗಳು ಬ್ರಿಟನ್ನಿನಿಂದ ಬರಬೇಕಿತ್ತು, ಬರುವವರೆಗೆ ಬಾಯ್ಲರ್ ಹಚ್ಚಬಾರದೆಂದು ಆಜ್ಞೆಯಾಯಿತು. ಮುಂದಿನ ವರ್ಷ ಮಾರ್ಚ್‌ನಲ್ಲಿ ಢಾಕಾದಲ್ಲಿ ಸೇನೆ ಜನರ ಮೇಲೆ ಬಿದ್ದು, ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಲಕ್ಷವಾಗಿ ಗಡಿ ದಾಟಿ ಬರತೊಡಗಿದಾಗ ಉರುಳೆಗಳಿನ್ನೂ ಬಂದಿರಲಿಲ್ಲ. 1965ರಂತೆ ಈ ಸಲವೂ ದಡದಲ್ಲೇ ಕೂತರೆ ನೌಕಾಪಡೆಗೆ ವಿಮಾನಗಳೇ ದಂಡವೆಂದು ಜನ ಆಡಿಕೊಳ್ಳುವುದು ಖಂಡಿತವಿತ್ತು. ಬಾಯ್ಲರ್‌ಗಳನ್ನು ಕಡಿಮೆ ಒತ್ತಡದಲ್ಲಿ ಹಚ್ಚಿ ನೋಡಿದರು. ಇಪ್ಪತ್ನಾಲ್ಕು ನಾಟ್ ದಾಟಬಲ್ಲ ಹಡಗನ್ನು ಹದಿನಾಲ್ಕು ನಾಟ್ ಆಸುಪಾಸಿಗೆ ಕಟ್ಟಿಹಾಕಿದರು. ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್. ನಮ್ಮೂರ ಘಟ್ಟ ಹತ್ತುವ ಬಸ್ಸಿನ ವೇಗ. ಆ ವೇಗದಲ್ಲೇ ಕ್ಯಾಪ್ಟನ್ ಸ್ವರಾಜ್ ಪ್ರಕಾಶರ ಕೈಕೆಳಗೆ ವಿಕ್ರಾಂತ್ ಪೂರ್ವ ಸಮುದ್ರಕ್ಕೆ ಹೊರಟಿತು.

ಹೀಗೊಂದು ಕುಂಟು ಹಡಗನ್ನು ಯುದ್ಧಕ್ಕೆ ಒಯ್ದದ್ದು ಧೈರ್ಯವೋ ದುಡುಕೋ ಎಂದು ನಾನು ಒಮ್ಮೆ ಕೇಳಿದ್ದೆ. ಪಶ್ಚಿಮದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಗಳೂ ವೇಗದ ಯುದ್ಧವಿಮಾನಗಳೂ ಇದ್ದವು. ಅಲ್ಲಿ ಈ ಹಡಗು ಸುಲಭದ ಗುರಿಯಾಗುತ್ತಿತ್ತು. ಪೂರ್ವದಲ್ಲಿ ಅವರ ವಾಯುಪಡೆಗೆ ಇದ್ದದ್ದು ಒಂದೇ ಸ್ಕ್ವಾಡ್ರನ್, ಅದೂ ಢಾಕಾದಲ್ಲಿ. ಆದ್ದರಿಂದ ಲೆಕ್ಕ ಹಾಕಿಯೇ ಕಳಿಸಿದ್ದರು ಎಂಬುದು ನಾನು ಓದಿ ತಿಳಿದ ಉತ್ತರ. ಮಾಮು ಕೊಟ್ಟ ಉತ್ತರ ಬೇರೆ. “ಮೇಲಿದ್ದವರಿಗೆ ಅದು ಧೈರ್ಯ. ಕೆಳಗೆ ಬಿರುಕಿನ ಪಕ್ಕದಲ್ಲಿ ನಿಂತವನಿಗೆ ಅದು ಡ್ಯೂಟಿ” ಎಂದರು. ಬಿಸಿ ಹಬೆ ಕಣ್ಣಿಗೆ ಕಾಣುವುದಿಲ್ಲವಂತೆ. ಒತ್ತಡದ ಹಬೆ ಸೋರಿದರೆ ಸದ್ದು ಮಾತ್ರ ಕೇಳುತ್ತದೆ. ಎಲ್ಲಿಂದ ಎಂದು ಹುಡುಕಲು ಕೈ ಚಾಚಿದವನ ಕೈ ಹೋಗುತ್ತದೆ. ಹಾಗಾಗಿ ಆ ಒಂದು ವರ್ಷ ಮಾಮು ಮತ್ತು ಅವರ ಜೊತೆಯವರು ಕಿವಿಯಿಂದಲೇ ಬದುಕಿದರು. ಮುದಿವಯಸ್ಸಿನಲ್ಲೂ ಕುಕ್ಕರ್ ಸೀಟಿ ಹೊಡೆದರೆ ಮಾಮು ಮಾತು ನಿಲ್ಲಿಸುತ್ತಿದ್ದರು.

ಆ ವರ್ಷ ರಮಝಾನ್ ಈದ್ ನವೆಂಬರ್ ಮೂರನೇ ವಾರ ಬಂದಿತ್ತು. ಉಪವಾಸ, ಬಾಯ್ಲರ್ ಕೋಣೆಯ ಸೆಕೆ ಎರಡೂ ಒಟ್ಟಿಗೆ. ಹೇಗೆ ಮಾಡಿದಿರಿ ಎಂದರೆ, “ಪ್ರಯಾಣಿಕನಿಗೆ ಅಲ್ಲಾಹ್ ರಿಯಾಯಿತಿ ಕೊಟ್ಟಿದ್ದಾನೆ. ಕೆಲವು ದಿನ ಹಿಡಿದೆ, ಕೆಲವು ದಿನ ಬಿಟ್ಟೆ” ಎಂದಷ್ಟೇ ಹೇಳಿ ನಗುತ್ತಿದ್ದರು. ಹಡಗು ಅಂಡಮಾನಿನ ಕಡೆ ಅಡಗಿ ನಿಂತಿತ್ತು. ಕಾಗದ ಬರೆಯುವಂತಿರಲಿಲ್ಲ. ಏಕೆಂದರೆ ಅದನ್ನು ಹುಡುಕಿಕೊಂಡು ಒಬ್ಬ ಬೇಟೆಗಾರ ಬಂದಿದ್ದ.

ನವೆಂಬರ್ 14ರಂದು ಕರಾಚಿ ಬಿಟ್ಟ ಪಾಕಿಸ್ತಾನದ ಜಲಾಂತರ್ಗಾಮಿ ಘಾಝಿ ಇಡೀ ಭಾರತವನ್ನು ಸುತ್ತುಹಾಕಿ ಬಂಗಾಳ ಕೊಲ್ಲಿಗೆ ಬಂದಿತ್ತು. ಅದರ ಗುರಿ ವಿಕ್ರಾಂತ್. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಒಂದು ಆಟ ಹೂಡಿದರು. ವಿಶಾಖಪಟ್ಟಣದ ಗುತ್ತಿಗೆದಾರರಿಗೆ ಮಾಂಸ ತರಕಾರಿಗಳ ದೊಡ್ಡ ಆರ್ಡರ್ ಕೊಟ್ಟರು, ದೊಡ್ಡ ಹಡಗು ಇಲ್ಲೇ ಇದೆ ಎಂಬ ಮಾತು ಊರಲ್ಲಿ ಹರಡಲಿ ಎಂದು. ರಜಪೂತ್ ಎಂಬ ಹಳೆಯ ಹಡಗನ್ನು ಸಮುದ್ರಕ್ಕೆ ಕಳಿಸಿ ವಿಕ್ರಾಂತ್‌ನಂತೆ ನಿಸ್ತಂತು ಸಂದೇಶಗಳನ್ನು ಕಳಿಸಲು ಹೇಳಿದರು. ಘಾಝಿ ವಿಶಾಖಪಟ್ಟಣಕ್ಕೆ ಬಂತು. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಬಂದರಿನ ಬಾಯಲ್ಲೇ ಸ್ಫೋಟಗೊಂಡು ಮುಳುಗಿತು. ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಎಂದು ನಮ್ಮವರು, ತಾನೇ ಹಾಸಿದ ಮೈನ್‌ಗಳಿಂದಲೋ ಒಳಗಿನ ಅಪಘಾತದಿಂದಲೋ ಎಂದು ಅವರು. ಆ ವಾದ ಇನ್ನೂ ಮುಗಿದಿಲ್ಲ. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ ಎಂಬುದರಲ್ಲಿ ಮಾತ್ರ ವಾದವಿಲ್ಲ.

ಮರುದಿನ, ಡಿಸೆಂಬರ್ 4ರ ಬೆಳಗ್ಗೆ, ವಿಕ್ರಾಂತ್‌ನಿಂದ ಎಂಟು ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರಿನ ವಿಮಾನ ನಿಲ್ದಾಣದ ಮೇಲೆ ದಾಳಿಗೆ ಹೋದವು. ಅದೇ ದಿನ ಚಿತ್ತಗಾಂಗ್ ಬಂದರು. ಮುಂದಿನ ದಿನಗಳಲ್ಲಿ ಖುಲ್ನಾ, ಮಂಗ್ಲಾ. ಅಲಿಝೆ ವಿಮಾನಗಳೂ ದಾಳಿಗಿಳಿದವು. ಪೂರ್ವದ ಪಾಕಿಸ್ತಾನಿ ಸೇನೆಗೆ ಸಮುದ್ರದ ದಾರಿ ಮುಚ್ಚಿಹೋಯಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಅದು ಶರಣಾಯಿತು. ಸ್ವರಾಜ್ ಪ್ರಕಾಶರಿಗೂ ಸೀ ಹಾಕ್ ದಳದ ನಾಯಕ ಸಂತೋಷ್ ಕುಮಾರ್ ಗುಪ್ತಾರಿಗೂ ಮಹಾವೀರ ಚಕ್ರ ಬಂತು. ಇವೆಲ್ಲ ಪುಸ್ತಕಗಳಲ್ಲಿವೆ.

ಮಾಮು ಇದರಲ್ಲಿ ಒಂದನ್ನೂ ಕಾಣಲಿಲ್ಲ. ಕಾಕ್ಸ್ ಬಜಾರಿನ ದಿನ ಅವರದು ಬೆಳಗಿನ ಪಾಳಿ, ಎಂಟರಿಂದ ಹನ್ನೆರಡು. ನೀರಿನ ಮಟ್ಟಕ್ಕಿಂತ ಕೆಳಗಿನ ಆ ಕೋಣೆಯಲ್ಲಿ ಆಕಾಶವೆಂಬುದಿಲ್ಲ, ವಿಮಾನದ ಸದ್ದೂ ಇಲ್ಲ. ಎದುರಿಗೆ ಒತ್ತಡ ತೋರಿಸುವ ಮೀಟರ್ ಮಾತ್ರ. ಕೆಟಪಲ್ಟ್ ಒಮ್ಮೆ ಹೊಡೆದರೆ ಅದು ನುಂಗಿದ ಹಬೆಯನ್ನು ಬಾಯ್ಲರ್ ಮತ್ತೆ ತುಂಬಿಕೊಡಬೇಕು. ಆಗ ಮೀಟರಿನ ಮುಳ್ಳು ಕೂದಲೆಳೆಯಷ್ಟು ಕೆಳಗಿಳಿದು ಮತ್ತೆ ಮೇಲೇರುತ್ತದೆ. ಒಂದು ಇಳಿತವೆಂದರೆ ಒಂದು ವಿಮಾನ ಹೋಯಿತೆಂದು ಲೆಕ್ಕ. ಅವತ್ತು ಮಾಮು ಎಂಟು ಎಣಿಸಿದರು.

“ಹೋದದ್ದು ಗೊತ್ತಾಗುತ್ತಿತ್ತು ಬೇಟಾ. ಬಂದದ್ದು ಗೊತ್ತಾಗುತ್ತಿರಲಿಲ್ಲ” ಎನ್ನುತ್ತಿದ್ದರು. ಇಳಿಯುವ ವಿಮಾನವನ್ನು ಹಿಡಿಯುವುದು ಡೆಕ್‌ನ ತಂತಿಗಳು. ಅದಕ್ಕೆ ಹಬೆ ಬೇಡ. ಮುಳ್ಳು ಅಲುಗುವುದಿಲ್ಲ. ಪಾಳಿ ಮುಗಿದು, ಬೆವರಲ್ಲಿ ತೊಯ್ದು, ಏಣಿಗಳನ್ನು ಹತ್ತಿ ಮೇಲೆ ಬಂದವರು ಮೊದಲು ಸಿಕ್ಕವನನ್ನು ಕೇಳುತ್ತಿದ್ದದ್ದು ಒಂದೇ ಮಾತು, ಎಷ್ಟು ಬಂದವು? ಅವತ್ತು ಎಂಟು ಎಂದಾಗ ಅಲ್ಲೇ ಕಬ್ಬಿಣದ ಗೋಡೆಗೆ ಒರಗಿ ಕೂತುಬಿಟ್ಟರಂತೆ. ಕಾಕ್ಸ್ ಬಜಾರಿನಲ್ಲಿ ಏನಾಯಿತೆಂದು ಕೇಳಬೇಕೆಂದು ಆ ಹೊತ್ತಿಗೆ ಹೊಳೆಯಲೇ ಇಲ್ಲ ಎಂದು ಮುಂದೆ ಎಷ್ಟೋ ವರ್ಷದ ಮೇಲೆ ನನ್ನಲ್ಲಿ ಹೇಳಿದರು. ಅದನ್ನು ಹೇಳಿದ್ದು ತಪ್ಪೊಪ್ಪಿಗೆಯ ದನಿಯಲ್ಲಿ.

ಘಾಝಿಯ ಸುದ್ದಿ ಹಡಗಿನಲ್ಲಿ ಹಬ್ಬಿದಾಗ ಸಂಭ್ರಮವಾಯಿತು. ತಮ್ಮನ್ನು ಕೊಲ್ಲಲು ಬಂದವನು ಸತ್ತನೆಂದರೆ ಸಂಭ್ರಮವಾಗದೆ ಇರುತ್ತದೆಯೇ? ಮಾಮು ತಾನೂ ಕೂಗಿದೆ ಎಂದೇ ಹೇಳುತ್ತಿದ್ದರು, ಮುಚ್ಚಿಡಲಿಲ್ಲ. ಐದು ದಿನಗಳ ನಂತರ, ಡಿಸೆಂಬರ್ 9ರ ರಾತ್ರಿ, ಅತ್ತ ದೀವ್ ಬಳಿಯ ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಇನ್ನೊಂದು ಜಲಾಂತರ್ಗಾಮಿ ಹಾಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮುಲ್ಲಾ ಹಡಗಿನೊಂದಿಗೇ ಹೋದರು. ಲೋನಾವಳದಲ್ಲಿ ಮಾಮು ಮಂಚದ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯನೊಬ್ಬ ಆ ಹಡಗಿನ ಎಂಜಿನ್ ಕೋಣೆಯಲ್ಲಿದ್ದ. ಮೇಲಿನ ಡೆಕ್‌ನಲ್ಲಿದ್ದ ಕೆಲವರು ನೀರಿಗೆ ಹಾರಿ ಉಳಿದರು. ಕೆಳಗಿದ್ದವರಿಗೆ ಏಣಿ ಹತ್ತಲು ಸಮಯ ಎಲ್ಲಿಂದ ಬರಬೇಕು?

ಆಮೇಲೆ ಮಾಮುಗೆ ಘಾಝಿಯ ಬಗ್ಗೆ ಯೋಚನೆ ಶುರುವಾಯಿತು. ಘಾಝಿಯೂ ಅದೇ ಮಹಾಯುದ್ಧದ ಕೂಸು. ಅಮೆರಿಕದಲ್ಲಿ ಡಯಾಬ್ಲೊ ಎಂಬ ಹೆಸರಿನಲ್ಲಿ 1944ರಲ್ಲಿ ನೀರಿಗಿಳಿದದ್ದು. ಯಾರದೋ ಯುದ್ಧಕ್ಕೆ ಕಟ್ಟಿದ ಎರಡು ಹಳೆಯ ಹಡಗುಗಳನ್ನು ನಾವು ಎರಡು ಬಡ ದೇಶಗಳು ತಂದು, ಅವುಗಳಲ್ಲಿ ನಮ್ಮ ಹುಡುಗರನ್ನು ಕೂರಿಸಿ, ಒಂದನ್ನೊಂದು ಹುಡುಕಲು ಬಿಟ್ಟೆವು. ಘಾಝಿಯಲ್ಲೂ ಡೀಸೆಲ್ ಎಂಜಿನ್‌ಗಳ ನಡುವೆ ಕಿವಿಗೊಟ್ಟು ನಿಂತಿದ್ದವನೊಬ್ಬ ಇದ್ದಿರಬೇಕು. ಅವನೂ ಮನೆಗೆ ಉರ್ದುವಿನಲ್ಲೇ ಕಾಗದ ಬರೆಯುತ್ತಿದ್ದಿರಬೇಕು.

ಉರ್ದು ಎಂದಾಗ ಒಂದು ಮಾತು ಹೇಳಲೇಬೇಕು. ನನಗೆ ಅಕ್ಷರ ಕಲಿಸಿದ ಭಾಷೆ ಅದು. ಆ ಯುದ್ಧದ ಬೇರಿನಲ್ಲಿ ಅದೇ ಭಾಷೆ ಇತ್ತೆಂಬುದು ಹೈಸ್ಕೂಲಿಗೆ ಬಂದು ಕನ್ನಡದಲ್ಲಿ ಚರಿತ್ರೆ ಓದಿದ ಮೇಲೆಯೇ ನನಗೆ ತಿಳಿದದ್ದು. ಉರ್ದು ಒಂದೇ ರಾಜ್ಯಭಾಷೆ ಎಂದು ಜಿನ್ನಾ 1948ರಲ್ಲಿ ಢಾಕಾದಲ್ಲಿ ನಿಂತು ಹೇಳಿದರು. 1952ರ ಫೆಬ್ರವರಿ 21ರಂದು ಬಂಗಾಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಯಾವ ಭಾಷೆಯೂ ತಾನಾಗಿ ಯಾರ ಮೇಲೂ ಸವಾರಿ ಮಾಡುವುದಿಲ್ಲ, ಅದನ್ನು ಹತ್ತಿ ಕೂತವರು ಮಾಡುತ್ತಾರೆ. ಆದರೂ ನನ್ನ ಉಸ್ತಾದರು ಅಷ್ಟು ಪ್ರೀತಿಯಿಂದ ಕೈ ಹಿಡಿದು ತಿದ್ದಿಸಿದ ಅಲಿಫ್ ಬೇ ಇನ್ನೊಬ್ಬರಿಗೆ ಲಾಠಿಯಾಗಿತ್ತು ಎಂದು ತಿಳಿದಾಗ ಆದ ಸಂಕಟವನ್ನು ಕತೆಯಲ್ಲಿ ಬರೆಯಲು ಎರಡು ಸಲ ಪ್ರಯತ್ನಿಸಿ ಸೋತಿದ್ದೇನೆ.

ಆ ದಿನಗಳಲ್ಲಿ ನಮ್ಮ ಕೇರಿಯಲ್ಲೂ ಎಲ್ಲರ ಮನಸ್ಸು ಒಂದೇ ತೆರನಾಗಿರಲಿಲ್ಲ. ಈಗ ಯಾರೂ ಒಪ್ಪಲಿಕ್ಕಿಲ್ಲ, ಆದರೆ ಇದ್ದದ್ದನ್ನು ಹೇಳಬೇಕು. ಬಾವಿಕಟ್ಟೆಯಲ್ಲಿ ಒಬ್ಬಾಕೆ ನಾನಿಮಾಗೆ, “ನಿಮ್ಮ ಮಗ ಕಲಿಮಾ ಓದುವವರ ಮೇಲೆ ಬಾಂಬು ಹಾಕಲು ಹೋಗಿದ್ದಾನಂತಲ್ಲ?” ಎಂದರಂತೆ. ನಾನಿಮಾ ಕೊಡಪಾನ ಸೊಂಟಕ್ಕೇರಿಸಿಕೊಂಡು, “ಅಲ್ಲಿಂದ ಮಕ್ಕಳನ್ನು ಕಟ್ಟಿಕೊಂಡು ಓಡಿ ಬರುತ್ತಿದ್ದಾರಲ್ಲ, ಅವರು ಏನು ಓದುತ್ತಾರೆ?” ಎಂದು ಕೇಳಿ ಬಂದುಬಿಟ್ಟರು. ಅದೇ ವಾರ ಪೇಟೆಯಲ್ಲಿ ಕಿರಾಣಿ ಅಂಗಡಿಯವನೊಬ್ಬ, ನಿಮ್ಮವರು ಸೋಲುತ್ತಿದ್ದಾರಲ್ಲ ಎಂದು ನನ್ನ ಅಜ್ಜನನ್ನು ಕೆಣಕಿದ. ಮಗನನ್ನು ಬಿರುಕುಬಿಟ್ಟ ಬಾಯ್ಲರಿನ ಮುಂದೆ ನಿಲ್ಲಿಸಿದ್ದ ಅಜ್ಜ ಸಾಮಾನಿನ ಚೀಟಿಯನ್ನು ಹಿಂತೆಗೆದುಕೊಂಡು ಬೇರೆ ಅಂಗಡಿಗೆ ಹೋದರು. ಎರಡೂ ಕಡೆಯಿಂದ ಅನ್ನಿಸಿಕೊಂಡವರ ಮನೆ ಅದು.

1972ರ ಜನವರಿ ಕೊನೆಗೆ ಬಕ್ರೀದ್ ಬಂತು. ಹಬ್ಬದ ಹಿಂದಿನ ಸಂಜೆ ಮಾಮು ಟ್ರಂಕ್ ಹೊತ್ತು ಮನೆಗೆ ಬಂದರು. ಅವತ್ತೇ ನಾನಿಮಾ ರೇಡಿಯೊದ ದುಪಟ್ಟಾ ಬಿಚ್ಚಿದ್ದು.

2004ರ ಡಿಸೆಂಬರಿನಲ್ಲಿ ನಾನು ಮತ್ತು ಮಾಮು ಕೊಂಕಣ ರೈಲು ಹಿಡಿದು ಮುಂಬೈಗೆ ಹೋಗಿ ವಿಕ್ರಾಂತ್ ನೋಡಿ ಬಂದೆವು. 1997ರ ಜನವರಿ 31ರಂದು ನಿವೃತ್ತಿಯಾದ ಹಡಗು ಆಗ ವಸ್ತುಸಂಗ್ರಹಾಲಯವಾಗಿತ್ತು. ಮೂರು ವರ್ಷಕ್ಕೆಂದು ಎಣಿಸಿದ್ದು ಮೂವತ್ತಾರು ವರ್ಷ ದುಡಿದಿತ್ತು. ಶಾಲಾ ಮಕ್ಕಳು ವಿಮಾನಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮಾಮು ಡೆಕ್ ಮೇಲೆ ಹೊಸಬರಂತೆ ನಡೆದರು. ಹೊಸಬರೇ, ಕೆಲಸದ ದಿನಗಳಲ್ಲಿ ಅಲ್ಲಿ ಅವರಿಗೇನು ಕೆಲಸ? ಕೆಟಪಲ್ಟಿನ ಸೀಳಿನ ಬಳಿ ಮಾತ್ರ ಬಹಳ ಹೊತ್ತು ನಿಂತು ಅದರ ಉದ್ದಕ್ಕೂ ಕಣ್ಣು ಹಾಯಿಸಿದರು. “ಇದಕ್ಕೇ ಹೋಗುತ್ತಿತ್ತು ನಮ್ಮ ಹಬೆ” ಎಂದರು. ಆಮೇಲೆ ಕೆಳಗಿಳಿಯುವ ಏಣಿ ಹುಡುಕಿ ನನ್ನನ್ನು ಕರೆದೊಯ್ದರು. ನಾವು ಹೋದ ದಿನ ಅದಕ್ಕೆ ಅಡ್ಡಲಾಗಿ ಸರಪಳಿ ಹಾಕಿತ್ತು. ಕತ್ತಲ ಗುಂಡಿಯಂಥ ಜಾಗಕ್ಕೆ ಮಕ್ಕಳು ಇಳಿಯದಿರಲಿ ಎಂದು ಹಾಕಿದ್ದಿರಬೇಕು, ಸರಿಯೇ. ನಾನು ಕಾವಲುಗಾರನಿಗೆ ಮಾಮು ಯಾರೆಂದು ಹೇಳಿ ಅನುಮತಿ ಕೇಳಲು ಹೊರಟರೆ ಕೈ ಹಿಡಿದು ನಿಲ್ಲಿಸಿದರು. ಸರಪಳಿಯ ಮೇಲೆ ಬಗ್ಗಿ ಕೆಳಗೆ ಕಿವಿಗೊಟ್ಟರು. ಸದ್ದಿರಲಿಲ್ಲ.

2012ರಲ್ಲಿ ಹಡಗು ಸುರಕ್ಷಿತವಲ್ಲವೆಂದು ಸಂಗ್ರಹಾಲಯ ಮುಚ್ಚಿತು. ಅದೇ ವರ್ಷ ರಷ್ಯಾದಲ್ಲಿ ಹೊಸ ವಿಕ್ರಮಾದಿತ್ಯದ ಪರೀಕ್ಷೆಯಲ್ಲಿ ಎಂಟು ಬಾಯ್ಲರ್‌ಗಳ ಪೈಕಿ ಏಳು ಕೈಕೊಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಮಾಮು ಅದನ್ನು ಎರಡು ಸಲ ಓದಿಸಿಕೊಂಡು, “ಎಂಟನೆಯದರ ಮುಂದೆ ಯಾರಿದ್ದನೋ ಪಾಪ” ಎಂದರು. 2014ರ ಜನವರಿಯಲ್ಲಿ ಆ ಹಡಗು ನಮ್ಮ ಪಕ್ಕದ ಕಾರವಾರಕ್ಕೇ ಬಂದು ನಿಂತಿತು. ಅದೇ ವರ್ಷ ಹಳೆಯ ವಿಕ್ರಾಂತ್ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಾಟವಾಯಿತು. ಉಳಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೂ ಹೋದವರಿದ್ದರು, ಆಗಲಿಲ್ಲ. ನವೆಂಬರಿನಲ್ಲಿ ಮುಂಬೈಯಲ್ಲಿ ಅದನ್ನು ಒಡೆಯತೊಡಗಿದರು.

2016ರಲ್ಲಿ ವಿಕ್ರಾಂತ್‌ನ ಲೋಹ ಸೇರಿಸಿ ಮಾಡಿದ್ದೆಂದು ಬಜಾಜ್ ‘ವಿ’ ಎಂಬ ಮೋಟಾರ್ ಬೈಕ್ ಮಾರುಕಟ್ಟೆಗೆ ಬಂತು. ಪೆಟ್ರೋಲ್ ಟ್ಯಾಂಕಿನಲ್ಲಿ ಆ ಲೋಹವಿದೆ ಎಂದು ಜಾಹೀರಾತು. ಮಾಮು ಮೊಮ್ಮಗ ಹಠ ಹಿಡಿದು ಅದನ್ನೇ ಕೊಂಡ. ಮನೆ ಮುಂದೆ ತಂದು ನಿಲ್ಲಿಸಿ, “ನಾನಾ, ನಿಮ್ಮ ಹಡಗು” ಎಂದ. ಮಾಮು ಕನ್ನಡಕ ಹಾಕಿಕೊಂಡು ಬಂದು ಸುತ್ತ ನೋಡಿದರು. ಟ್ಯಾಂಕಿನ ಮೇಲೆ ಅಂಗೈಯಿಟ್ಟು, ತಲೆ ಓರೆ ಮಾಡಿ, ಸ್ವಲ್ಪ ಹೊತ್ತು ಹಾಗೇ ನಿಂತರು.

“ಇದು ಡೆಕ್‌ನದ್ದಿರಬೇಕು. ಬಾಯ್ಲರಿನದ್ದಾಗಿದ್ದರೆ ನನಗೆ ಗೊತ್ತಾಗುತ್ತಿತ್ತು” ಎಂದು ಹೇಳಿ, ಅಸರ್ ನಮಾಝಿಗೆ ವುಝೂ ಮಾಡಲು ಒಳಗೆ ಹೋದರು.